ಹುಲಿಗೆಮ್ಮನ ಮುತ್ತು, ದಿಲ್ಲಿಯ ತೀರ್ಪು

ಹೊಸಪೇಟೆಯನ್ನು ನಡುವೆ ಇಟ್ಟುಕೊಂಡು ಒಂದೇ ದಿನದಲ್ಲಿ ಸುತ್ತಿ ಬರಬಹುದಾದಷ್ಟು ಜಾಗದಲ್ಲಿ, ಮದುವೆಯ ವಿಷಯಕ್ಕೆ ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದದ ಮೂವರು ದೇವರಿದ್ದಾರೆ. ಹಂಪಿಯ ವಿರೂಪಾಕ್ಷನಿಗೆ ವರ್ಷವರ್ಷವೂ ಮದುವೆ. ಚಳಿಗಾಲದಲ್ಲಿ ಫಲಪೂಜೆಯ ಹೆಸರಲ್ಲಿ ಪಂಪಾದೇವಿಯೊಡನೆ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣೋತ್ಸವ, ತೇರು. ದಕ್ಷಿಣಕ್ಕೆ ಸಂಡೂರಿನ ಗುಡ್ಡ ಹತ್ತಿದರೆ ಕುಮಾರಸ್ವಾಮಿ. ಹೆತ್ತವರ ಮೇಲೆ ಮುನಿದು, ಕುಡಿದ ತಾಯಿಹಾಲನ್ನೂ ಅಲ್ಲೇ ಕಕ್ಕಿ, ಸಂಸಾರದ ಗೊಡವೆಯೇ ಬೇಡವೆಂದು ಬಂದು ನಿಂತ ಬ್ರಹ್ಮಚಾರಿ ಎಂಬುದು ಸ್ಥಳದ ಕತೆ. ಇನ್ನು ತುಂಗಭದ್ರೆ ದಾಟಿ ಮುನಿರಾಬಾದ್ ಪಕ್ಕದ ಹುಲಿಗಿಗೆ ಹೋದರೆ ಹುಲಿಗೆಮ್ಮ. ಗಂಡಾಗಿ ಹುಟ್ಟಿ ಗಂಡಾಗಿ ಬಾಳಲಾರದವರ ಕೊರಳಿಗೆ ಮುತ್ತು ಕಟ್ಟಿಸಿ, ಅವರನ್ನು ತನ್ನವರನ್ನಾಗಿ ಮಾಡಿಕೊಳ್ಳುವ ತಾಯಿ.

ಮದುವೆಯಾಗುವ ದೇವರು, ಮದುವೆ ಒಲ್ಲದ ದೇವರು, ಊರು ಮದುವೆ ಮಾಡಿಕೊಡದವರನ್ನು ತಾನೇ ಕರೆದುಕೊಳ್ಳುವ ದೇವಿ. ಮೂವರಿಗೂ ಕಾಯಿ ಒಡೆಯುವವರು ಅದೇ ಜನ. ಹುಣ್ಣಿಮೆಗೆ ಹುಲಿಗಿ, ಕಾರ್ತಿಕಕ್ಕೆ ಸಂಡೂರು, ತೇರಿಗೆ ಹಂಪಿ. ಇದರಲ್ಲಿ ವಿರೋಧವಿದೆ ಎಂದು ಯಾರಿಗೂ ಅನ್ನಿಸಿದ್ದಿಲ್ಲ.

2023ರ ಏಪ್ರಿಲ್ 18ರಿಂದ ಹತ್ತು ದಿನ ಸುಪ್ರೀಂ ಕೋರ್ಟಿನಲ್ಲಿ ನಡೆದ ಸಲಿಂಗ ವಿವಾಹದ ವಾದ ಕೇಳಿದವರಿಗೆ ಮಾತ್ರ ಧರ್ಮ ಎಂಬುದು ಒಂದೇ ದನಿಯ ಸಂಗತಿ ಎನ್ನಿಸಿರಬೇಕು. ಕೇಂದ್ರ ಸರ್ಕಾರದ ಪ್ರಮಾಣಪತ್ರ, ಹಿಂದೂಗಳಿಗೆ ಮದುವೆ ಸಂಸ್ಕಾರ, ಮುಸ್ಲಿಮರಿಗೆ ಕರಾರು, ಆದರೆ ಎರಡರಲ್ಲೂ ಹುಟ್ಟಿನಿಂದ ಗಂಡಾದವನಿಗೂ ಹೆಣ್ಣಾದವಳಿಗೂ ನಡುವೆ ಮಾತ್ರ ಎಂದಿತು. ಅರ್ಜಿದಾರರ ಬೇಡಿಕೆ ನಗರದ ಮೇಲ್ವರ್ಗದವರ ವಿಚಾರ ಎಂದೂ ಸೇರಿಸಿತು. ಬೇರೆ ವಿಷಯಗಳಲ್ಲಿ ಮುಖ ನೋಡದ ಜಮಿಯತ್ ಉಲಮಾ–ಎ–ಹಿಂದ್ ಮತ್ತು ಅಖಿಲ ಭಾರತೀಯ ಸಂತ ಸಮಿತಿ ಈ ಒಂದರಲ್ಲಿ ಒಂದೇ ಬದಿಗೆ ನಿಂತವು. ಅದಕ್ಕೂ ಮೊದಲು ಮಾರ್ಚಿನಲ್ಲಿ ಆರೆಸ್ಸೆಸ್ ಸರಕಾರ್ಯವಾಹ ದತ್ತಾತ್ರೇಯ ಹೊಸಬಾಳೆಯವರು, ಮದುವೆ ಸುಖಕ್ಕಾಗಿ ಮಾಡಿಕೊಳ್ಳುವ ಒಪ್ಪಂದವಲ್ಲ, ಸಂಸ್ಕಾರ, ಅದು ಗಂಡು ಹೆಣ್ಣಿನ ನಡುವೆ ಮಾತ್ರ ಎಂದಿದ್ದರು. ಅವರು ಸೊರಬ ತಾಲ್ಲೂಕಿನವರು. ಎಲ್ಲಮ್ಮನೆಂದೂ ಕರೆಯುವ ರೇಣುಕಾಂಬೆಯ ಚಂದ್ರಗುತ್ತಿ ಇರುವುದೂ ಅದೇ ತಾಲ್ಲೂಕಿನಲ್ಲಿ.

ಎದುರು ಪಕ್ಷವೂ ಧರ್ಮವನ್ನು ಬಿಟ್ಟುಕೊಡಲಿಲ್ಲ. ಮೋಹಿನಿಯಾದ ವಿಷ್ಣು, ಹರಿಹರರಿಗೆ ಹುಟ್ಟಿದ ಅಯ್ಯಪ್ಪ, ಅರ್ಧನಾರೀಶ್ವರ, ಶಿಖಂಡಿ ಎಲ್ಲರೂ ಒಬ್ಬೊಬ್ಬರಾಗಿ ಸಾಕ್ಷಿಗೆ ಬಂದರು. ಬೆಂಗಳೂರಿನ ಶ್ರೀ ಶ್ರೀ ರವಿಶಂಕರರು 2013ರ ಡಿಸೆಂಬರಿನಲ್ಲೇ, ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ ಸೆಕ್ಷನ್ 377 ಅನ್ನು ಸುಪ್ರೀಂ ಕೋರ್ಟು ಉಳಿಸಿದ ಮರುಗಳಿಗೆ, ಹಿಂದೂ ಸಂಸ್ಕೃತಿಯಲ್ಲಿ ಸಲಿಂಗಕಾಮ ಅಪರಾಧವಾಗಿದ್ದೇ ಇಲ್ಲ ಎಂದು ಅಯ್ಯಪ್ಪನ ಹುಟ್ಟನ್ನು ನೆನಪಿಸಿದ್ದರು.

ಎರಡೂ ಕಡೆಯವರಿಗೆ ಸ್ವಲ್ಪ ಅವಸರ. ಧರ್ಮ ಒಪ್ಪುವುದಿಲ್ಲ ಎನ್ನುವವರು ಹುಲಿಗಿಗೆ ಬಂದು ನೋಡಿಲ್ಲ. ಧರ್ಮ ಎಂದೋ ಒಪ್ಪಿದೆ ಎನ್ನುವವರು ಅಲ್ಲಿ ಒಪ್ಪಿಗೆಗೆ ತೆರಬೇಕಾದ ಬೆಲೆ ಕೇಳಿಲ್ಲ.

ಮುತ್ತು ಕಟ್ಟುವುದು ಎಂದರೆ ಏನು ಎಂಬುದನ್ನು ಇಲ್ಲಿ ಕೊಂಚ ಹತ್ತಿರದಿಂದ ನೋಡಬೇಕು. ಮನೆಯ ಹುಡುಗ ಹೆಣ್ಣುಮಕ್ಕಳ ಹಾಗೆ ನಡೆಯುತ್ತಾನೆ, ಅಕ್ಕನ ಲಂಗ ಉಡುತ್ತಾನೆ, ನೀರು ತರುವ ಹೆಂಗಸರ ಜೊತೆಗೇ ಇರುತ್ತಾನೆ. ಮೊದಲು ಹೊಡೆತ, ಆಮೇಲೆ ಹರಕೆ, ತಾಯಿತ. ಕೊನೆಗೆ ಯಾರೋ ಹಿರಿಯರು ಇದು ಅಮ್ಮನ ಕಾಟ ಎನ್ನುತ್ತಾರೆ. ಒಂದು ಮಂಗಳವಾರವೋ ಶುಕ್ರವಾರವೋ ಹುಣ್ಣಿಮೆಯೋ ನೋಡಿ ಗುಡಿಗೆ ಕರೆದೊಯ್ಯುತ್ತಾರೆ. ಹೊಳೆಯಲ್ಲಿ ಮೀಯಿಸಿ, ಗಂಡೆಂಬ ಗುರುತಿಗೆ ಸೊಂಟದಲ್ಲಿದ್ದ ಉಡಿದಾರ ಹರಿದು, ಸೀರೆ ಉಡಿಸಿ, ಕೈಗೆ ಹಸಿರು ಬಳೆ ಇಟ್ಟು, ಕೆಂಪು ಬಿಳಿ ಮಣಿಯ ಮುತ್ತನ್ನು ಕೊರಳಿಗೆ ಕಟ್ಟುತ್ತಾರೆ. ಅಲ್ಲಿಂದ ಮುಂದೆ ಅವರು ಜೋಗಪ್ಪ, ಜೋಗತಿ, ಜೋಗವ್ವ. ತಲೆಯ ಮೇಲೆ ದೇವಿಯ ಮೂರ್ತಿಯ ಬುಟ್ಟಿಯಾದ ಜಗ ಹೊತ್ತು, ಚೌಡಿಕೆಯ ಹಿಮ್ಮೇಳದಲ್ಲಿ ಎಲ್ಲಮ್ಮನ ಪದ ಹಾಡುತ್ತ ಊರೂರು ಜೋಗ ಬೇಡಬೇಕು. ಮನೆ ಬಾಗಿಲಿಗೆ ಬಂದರೆ ಗೃಹಿಣಿ ಮೊರದಲ್ಲಿ ಜೋಳ ತಂದು ಪಡಲಿಗೆಗೆ ಸುರಿದು ಕಾಲಿಗೆ ಬೀಳುತ್ತಾಳೆ.

ಇದು ಮದುವೆಯೇ. ತಾಳಿಯ ಬದಲು ಮುತ್ತು, ಗಂಡನ ಬದಲು ದೇವಿ. ಹೆಣ್ಣು ದೇವತೆಯೊಂದಿಗೆ ಹೆಣ್ಣಾಗಿ ಬಾಳುವವರ ಮದುವೆ ಎಂದು ಹೊರಗಿನವರು ಬೆರಗಾಗಬಹುದು. ಗುಡಿಯಲ್ಲಿ ಯಾರೂ ಹಾಗೆ ಲೆಕ್ಕ ಹಾಕುವುದಿಲ್ಲ. ಅದರ ಪೂರ್ತಿ ಅರ್ಥ ತಿಳಿಯುವುದು ಹುಲಿಗಿಯಂತೆಯೇ ಮುತ್ತು ಕಟ್ಟುವ ಎಲ್ಲಮ್ಮನ ಸವದತ್ತಿಯ ಎರಡು ಹುಣ್ಣಿಮೆಗಳಲ್ಲಿ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯಂದು ಜಮದಗ್ನಿ ಸತ್ತು ಎಲ್ಲಮ್ಮ ವಿಧವೆಯಾಗುತ್ತಾಳೆ; ಜನರ ಬಾಯಲ್ಲಿ ಅದು ರಂಡಿ ಹುಣ್ಣಿಮೆ. ಅಂದು ಮುತ್ತು ಕಟ್ಟಿಸಿಕೊಂಡವರೂ ತಾಯಿಯ ಜೊತೆಗೆ ಬಳೆ ಒಡೆದುಕೊಳ್ಳುತ್ತಾರೆ. ಎರಡು ತಿಂಗಳ ನಂತರ ಮಾಘದ ಭರತ ಹುಣ್ಣಿಮೆ, ಮುತ್ತೈದೆ ಹುಣ್ಣಿಮೆ ಬಂದಾಗ ಮತ್ತೆ ಹಸಿರು ಬಳೆ, ಅರಿಶಿನ, ಕುಂಕುಮ. ಇಷ್ಟೆಲ್ಲ ಸುಖ ದುಃಖ ಹಂಚಿಕೊಂಡ ದಾಂಪತ್ಯವನ್ನು ಬರೀ ಸಂಕೇತ ಎಂದು ತಳ್ಳಿಹಾಕುವುದು ಕಷ್ಟ.

ಈ ಹಾದಿಯಲ್ಲಿ ನಡೆದು ದೇಶಕ್ಕೆಲ್ಲ ಗೊತ್ತಾದವರು ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ. ಹುಟ್ಟಿದ್ದು ಈಗಿನ ಕುರುಗೋಡು ತಾಲ್ಲೂಕಿನ ಕಲ್ಲುಕಂಬದಲ್ಲಿ, ಕಂಪ್ಲಿಗೆ ದೂರವಲ್ಲ. ಮಂಜುನಾಥ ಶೆಟ್ಟಿ ಎಂಬ ಹೆಸರಿನ ಹುಡುಗನನ್ನು 1975ರಲ್ಲಿ ಮನೆಯವರು ಹುಲಿಗಿಗೆ ಕರೆತಂದು ಮುತ್ತು ಕಟ್ಟಿಸಿದರು. ಉಡಿದಾರ ಹರಿದ ಗಳಿಗೆ ತಾಯಿ, ಮಗನನ್ನು ಕಳೆದುಕೊಂಡೆನೆಂದು ಸತ್ತವರ ಮನೆಯಲ್ಲಿ ಅಳುವ ಹಾಗೆ ಅತ್ತದ್ದನ್ನು ಮಂಜಮ್ಮ ಹಲವು ಬಾರಿ ಹೇಳಿಕೊಂಡಿದ್ದಾರೆ. ಆಮೇಲಿನದು ಮನೆ ಬಿಟ್ಟ, ಸಾಯಲು ಹೊರಟ, ಬೇಡಿ ಉಂಡ ದಿನಗಳು. ದಾವಣಗೆರೆಯಲ್ಲಿ ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಒಬ್ಬರನ್ನು ಕಂಡದ್ದು, ಮುಂದೆ ಕಾಳವ್ವ ಜೋಗತಿಯ ತಂಡ ಸೇರಿದ್ದು ಬದುಕಿನ ದಾರಿ ತಿರುಗಿಸಿತು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ, 2021ರಲ್ಲಿ ಪದ್ಮಶ್ರೀ. ಆ ವರ್ಷದ ನವೆಂಬರಿನಲ್ಲಿ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ನಡೆದು ಬಂದು, ಪ್ರಶಸ್ತಿ ತೆಗೆದುಕೊಳ್ಳುವ ಮೊದಲು ಸೆರಗು ಹಿಡಿದು ರಾಮನಾಥ ಕೋವಿಂದರ ದೃಷ್ಟಿ ತೆಗೆದ ದೃಶ್ಯವನ್ನು ಮೊಬೈಲಿನಲ್ಲಿ ನೋಡದ ಕನ್ನಡಿಗ ಕಡಿಮೆ. ದೆಹಲಿಗೆ ಅದು ಚೋದ್ಯ. ಹೊಸಪೇಟೆಯ ಹೆಂಗಸರಿಗೆ ಜೋಗವ್ವ ಮಾಡಬೇಕಾದ ಕೆಲಸ, ಮಾಡಿದಳು ಅಷ್ಟೆ.

ನಗರದ ಮೇಲ್ವರ್ಗದ ವಿಚಾರ ಎಂಬ ಮಾತಿಗೆ ಮರಿಯಮ್ಮನಹಳ್ಳಿ ಒಂದೇ ಸಾಕಿತ್ತು. ಸುಪ್ರೀಂ ಕೋರ್ಟಿಗೂ ಇದು ಹೊಸತಲ್ಲ. ಲಿಂಗತ್ವ ಅಲ್ಪಸಂಖ್ಯಾತರನ್ನು ಗುರುತಿಸಿದ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ರೇಣುಕಾದೇವಿಯ ಸೇವೆಗೆ ಮೀಸಲಾದ ಜೋಗಪ್ಪಗಳ ಹೆಸರು ಬರುತ್ತದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕು ರಕ್ಷಣೆಯ 2019ರ ಕಾಯ್ದೆಯ ವ್ಯಾಖ್ಯೆಯಲ್ಲಿ ಕಿನ್ನರ್, ಹಿಜ್ರಾ, ಅರವಾಣಿಗಳ ಸಾಲಿನಲ್ಲಿ ಜೋಗತರೂ ಸೇರಿದ್ದಾರೆ. ದೇಶದ ಕಾನೂನು ಪುಸ್ತಕದೊಳಕ್ಕೆ ಎಲ್ಲಮ್ಮ ಹೀಗೆ ಹಿಂಬಾಗಿಲಿನಿಂದ ಬಂದು ಕೂತಿದ್ದಾಳೆ.

ಈಗ ಬೆಲೆಯ ಮಾತು. ಮುತ್ತು ಕಟ್ಟಿಸಿಕೊಂಡವರು ದೇವಿಗೆ ಸೇರಿದವರು, ಮನುಷ್ಯರನ್ನು ಮದುವೆಯಾಗುವಂತಿಲ್ಲ. ಜೊತೆಗಾರ ಇರಬಹುದು, ಇರುತ್ತಾರೆ ಕೂಡ. ಊರು ಕಂಡೂ ಕಾಣದ ಹಾಗೆ ಇರುತ್ತದೆ. ಆದರೆ ಆ ಸಂಬಂಧಕ್ಕೆ ಹೆಸರಿಲ್ಲ. ಎಷ್ಟೋ ಮನೆಗಳಲ್ಲಿ ಮುತ್ತಿನ ಜೊತೆಗೇ ಹೊಲ ಮನೆಯ ಪಾಲೂ ಹೋಗುತ್ತದೆ, ದೇವರಿಗೆ ಬಿಟ್ಟವರಿಗೆ ಆಸ್ತಿ ಯಾಕೆ ಎಂದು. ಹಿರಿಯ ಜೋಗತಿ ತಾಯಿ, ಕಿರಿಯಳು ಮಗಳು ಎಂಬ ಸಂಬಂಧ ಕಟ್ಟಿಕೊಂಡು ಒಂದೇ ಸೂರಿನಡಿ ಮೂವತ್ತು ವರ್ಷ ಬಾಳಿದರೂ, ಉಯಿಲು ಬರೆದಿಡದೆ ಸತ್ತರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಹುಡುಕಿಕೊಂಡು ಹೋಗುವುದು ಹೊರಗೆ ಹಾಕಿದ ರಕ್ತಸಂಬಂಧಿಕರನ್ನೇ. ಗೃಹಪ್ರವೇಶಕ್ಕೆ, ಮದುವೆಗೆ, ಹೊಲದ ಪೂಜೆಗೆ ಮೊದಲ ಕರೆ ಜೋಗತಿಗೆ; ಬಾಡಿಗೆ ಮನೆ ಕೇಳಿದರೆ ಮಾತ್ರ ಇಲ್ಲ. ಮುತ್ತೈದೆ ಎಂದು ಊರು ಕಾಲು ಮುಟ್ಟುತ್ತದೆ. ಮುತ್ತೈದೆಗೆ ಇರುವ ಹಕ್ಕುಗಳಲ್ಲಿ ಒಂದೂ ಅವರ ಕೈಗೆ ಬರುವುದಿಲ್ಲ.

ಹುಲಿಗೆಮ್ಮನ ಅಂಗಳದಲ್ಲಿ ಜಾಗ ಸಿಕ್ಕದವರೂ ಇದ್ದಾರೆ. ಗಂಡಾಗಿಯೇ ಉಳಿದು ಗಂಡನ್ನೇ ಪ್ರೀತಿಸುವವನಿಗೆ, ಅವನಿಗೆ ಸೀರೆ ಉಡುವ ಆಸೆ ಇಲ್ಲದ ಮಾತ್ರಕ್ಕೆ, ಮುತ್ತಿಲ್ಲ. ಅವನಿಗೆ ಸಿಗುವುದು ಇಪ್ಪತ್ತೈದು ದಾಟುತ್ತಿದ್ದಂತೆ ಮನೆಯವರು ಗೊತ್ತು ಮಾಡುವ ಹೆಣ್ಣು. ಮದುವೆಯಾದರೆ ಎಲ್ಲ ಸರಿಹೋಗುತ್ತೆ ಎಂಬ ಔಷಧಿಯನ್ನು ಈ ಸೀಮೆಯಲ್ಲಿ ಎಲ್ಲ ಜಾತಿಯವರೂ ನಂಬುತ್ತಾರೆ. ಆ ಔಷಧಿ ಕುಡಿಯುವವಳು ಮಾತ್ರ ಬೇರೆ ಮನೆಯಿಂದ ಬಂದ ಹುಡುಗಿ. ಮದುವೆಯ ಪಾವಿತ್ರ್ಯ ಕಾಪಾಡಬೇಕೆಂದು ಭಾಷಣ ಮಾಡುವವರು ಈ ಮದುವೆಗಳ ಲೆಕ್ಕವನ್ನು ಯಾವತ್ತೂ ಕೊಟ್ಟಿದ್ದಿಲ್ಲ. ಇನ್ನು ಹೆಣ್ಣನ್ನು ಪ್ರೀತಿಸುವ ಹೆಣ್ಣು. ಕಂಪ್ಲಿಯ ಗದ್ದೆಯಲ್ಲಿ ಒಟ್ಟಿಗೆ ನಾಟಿ ಮಾಡುವ ಇಬ್ಬರು ಹುಡುಗಿಯರಿಗೆ ಹಾಗನ್ನಿಸಿದರೆ ಅವರನ್ನು ಕರೆದುಕೊಳ್ಳುವ ದೇವಿ ಯಾವ ಗುಡಿಯಲ್ಲೂ ಇಲ್ಲ. ಹೆಣ್ಣಾಗಿ ಹುಟ್ಟಿದವರಿಗೆ ಕಟ್ಟಿದ ಮುತ್ತಿನ ಕತೆಯೇ ಬೇರೆ. ಅದು ದೇವದಾಸಿಯ ಕತೆ.

ಆ ಕತೆಯಲ್ಲಿ ಸರ್ಕಾರ ಗುಡಿಯೊಳಕ್ಕೇ ಕಾಲಿಟ್ಟಿತ್ತು ಎಂಬುದನ್ನು ಮರೆಯುವ ಹಾಗಿಲ್ಲ. ಬಳ್ಳಾರಿ ಜಿಲ್ಲೆ 1953ರವರೆಗೆ ಮದ್ರಾಸಿಗೆ ಸೇರಿದ್ದರಿಂದ ಹೊಸಪೇಟೆ, ಕಂಪ್ಲಿಗಳಲ್ಲಿ 1947ರ ಮದ್ರಾಸ್ ದೇವದಾಸಿ ಕಾಯ್ದೆ ನಡೆಯುತ್ತಿತ್ತು. 1982ರಲ್ಲಿ ಕರ್ನಾಟಕ ತನ್ನದೇ ನಿಷೇಧ ಕಾಯ್ದೆ ತಂದಿತು. ಮುತ್ತು ಕಟ್ಟಿಸಿಕೊಂಡ ಹೆಣ್ಣು ಅದೇ ಕಾರಣಕ್ಕೆ ಮದುವೆಗೆ ಅನರ್ಹಳಲ್ಲ ಎಂದು ಆ ಕಾನೂನು ಬಿಡಿಸಿ ಹೇಳಿತು. ದೇವರೊಡನೆ ಆದ ಮದುವೆಯನ್ನು ಶಾಸನಸಭೆ ತಳ್ಳಿಹಾಕಿದ ಅಪರೂಪದ ಸಂದರ್ಭ ಅದು. ಧರ್ಮದ ವಿಷಯಕ್ಕೆ ಸರ್ಕಾರ ಕೈ ಹಾಕಬಾರದು ಎಂಬ ಕೂಗು ಆಗಲೂ ಇತ್ತು, 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯ ಗಲಾಟೆಯಾದಾಗಲೂ ಇತ್ತು. ಆದರೆ 1982ರ ಕಾಯ್ದೆ ಮಾತಾಡಿದ್ದು ಹೆಣ್ಣಿನ ಬಗ್ಗೆ. ಗಂಡಾಗಿ ಹುಟ್ಟಿ ಜೋಗತಿಯಾದವರ ಕೊರಳಿನ ಮುತ್ತು ಬಂಧನವೋ ಅಲ್ಲವೋ ಎಂಬುದನ್ನು ಅದು ಕೇಳಲೇ ಇಲ್ಲ.

2023ರ ಅಕ್ಟೋಬರ್ 17ರಂದು ತೀರ್ಪು ಬಂತು. ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂಬುದಕ್ಕೆ ಪೀಠದ ಐವರು ನ್ಯಾಯಮೂರ್ತಿಗಳೂ ಒಪ್ಪಿದರು. 1954ರ ವಿಶೇಷ ವಿವಾಹ ಕಾಯ್ದೆಯನ್ನು ತಿದ್ದಿ ಓದಲು ಯಾರೂ ಮುಂದಾಗಲಿಲ್ಲ. ಸಂಸತ್ತಿನ ಕೆಲಸ ಅದು ಎಂದರು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಸಂಜಯ್ ಕಿಶನ್ ಕೌಲ್ ಸಲಿಂಗ ಜೋಡಿಗಳ ಕೂಡುಬಾಳ್ವೆಗೆ ಕಾನೂನಿನ ಮಾನ್ಯತೆ, ಜೊತೆಯಾಗಿ ಮಗು ದತ್ತು ಪಡೆಯುವ ಅವಕಾಶ ಇರಬೇಕೆಂದರು. ಎಸ್. ರವೀಂದ್ರ ಭಟ್, ಹಿಮಾ ಕೊಹ್ಲಿ, ಪಿ.ಎಸ್. ನರಸಿಂಹ ಅದನ್ನು ಒಪ್ಪಲಿಲ್ಲ. ಬಹುಮತದ ಮುಖ್ಯ ತೀರ್ಪು ಬರೆದವರು ಭಟ್. ಇದು ನಗರದ ಮೇಲ್ವರ್ಗದ ವಿಚಾರ ಎಂಬ ಸರ್ಕಾರದ ವಾದವನ್ನು ಚಂದ್ರಚೂಡರು ತಮ್ಮ ತೀರ್ಪಿನಲ್ಲಿ ತಿರಸ್ಕರಿಸಿದರು. ಮರುಪರಿಶೀಲನೆಯ ಅರ್ಜಿಗಳು 2025ರ ಜನವರಿಯಲ್ಲಿ ಬಿದ್ದುಹೋದವು.

ಎಲ್ಲ ಸದ್ದುಗದ್ದಲದಲ್ಲಿ ಒಂದು ಅಂಶ ಹಿಂದೆ ಸರಿಯಿತು. ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿ ಗಂಡು ಹೆಣ್ಣಿನ ಸಂಬಂಧದಲ್ಲಿದ್ದರೆ ಈಗಿರುವ ಕಾನೂನುಗಳಡಿಯಲ್ಲೇ ಮದುವೆಯಾಗಬಹುದು ಎಂದು ಐವರೂ ಹೇಳಿದ್ದರು. ಅರ್ಜಿದಾರರಲ್ಲಿ ಒಬ್ಬರಾಗಿದ್ದ ಬೆಂಗಳೂರಿನ ಅಕ್ಕೈ ಪದ್ಮಶಾಲಿಯಂಥವರು ಹೊತ್ತು ತಂದ ಪ್ರಶ್ನೆಗೆ ಸಿಕ್ಕ ಉತ್ತರ ಅದು. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ 2019ರ ಏಪ್ರಿಲ್ 22ರಂದೇ ಇದನ್ನು ಹೇಳಿದ್ದರು. ತೂತ್ತುಕುಡಿಯ ಗುಡಿಯೊಂದರಲ್ಲಿ ತಾಳಿ ಕಟ್ಟಿಸಿಕೊಂಡ ಜೋಡಿಯ ಮದುವೆ ನೋಂದಾಯಿಸಲು ಅಧಿಕಾರಿ ಒಪ್ಪದಿದ್ದಾಗ, ಹಿಂದೂ ವಿವಾಹ ಕಾಯ್ದೆಯ ವಧು ಎಂಬ ಪದದೊಳಗೆ ಹೆಣ್ಣಾಗಿ ಬಾಳುವ ಲಿಂಗತ್ವ ಅಲ್ಪಸಂಖ್ಯಾತಳೂ ಸೇರುತ್ತಾಳೆ ಎಂದು ಆದೇಶಿಸಿದ್ದರು. ಆ ಮದುವೆ ನಡೆದದ್ದು ದೇವರ ಮುಂದೆ. ಅಡ್ಡ ಬಂದದ್ದು ಧರ್ಮವಲ್ಲ, ನೋಂದಣಿ ಕಚೇರಿ.

ಹುಲಿಗಿಗೆ ತಂದು ನೋಡಿದರೆ ಲೆಕ್ಕ ಮಗುಚಿಕೊಳ್ಳುತ್ತದೆ. ಹೆಣ್ಣೆಂದು ಪ್ರಮಾಣಪತ್ರ ಪಡೆದ ಜೋಗತಿಯೊಬ್ಬಳು ತನ್ನ ಜೊತೆಗಾರನನ್ನು ಮದುವೆಯಾಗಲು ಕಾನೂನಿನ ತಡೆಯಿಲ್ಲ, ತಡೆ ಇರುವುದು ಕೊರಳಿನ ಮುತ್ತಿನಲ್ಲಿ. ಮುತ್ತಿನ ಹಂಗಿಲ್ಲದ ಸಲಿಂಗಿ ಗಂಡಸಿಗೆ, ಹೆಂಗಸಿಗೆ ಗುಡಿಯೂ ಇಲ್ಲ, ಕಾನೂನೂ ಇಲ್ಲ. ಧರ್ಮ ಒಂದು ಕಡೆ, ಹಕ್ಕು ಇನ್ನೊಂದು ಕಡೆ ಎಂದು ಟಿವಿ ಚರ್ಚೆಗಳು ಎಳೆಯುವ ಗೆರೆ ಇಲ್ಲಿ ಹೊಂದುವುದೇ ಇಲ್ಲ. ಮುತ್ತಿಗೆ ಮರ್ಯಾದೆ ಇದೆ, ಕಾಗದ ಇಲ್ಲ. ತೀರ್ಪಿನಲ್ಲಿ ಒಂದಿಷ್ಟು ಕಾಗದ ಇದೆ, ಅದನ್ನು ಹಿಡಿದು ಊರೊಳಗೆ ಬಂದರೆ ಮರ್ಯಾದೆ ಸಿಗುತ್ತದೆಂಬ ಖಾತ್ರಿ ಇಲ್ಲ.

ಗುಡಿಗಳ ಹಳೆಯ ಕತೆಗಳಿಂದ ಈ ಹೊತ್ತಿನ ಹಕ್ಕನ್ನು ಸಾಧಿಸಬಹುದೇ? ಸಾಧಿಸಲು ಹೊರಟರೆ ಕನ್ನಡದಲ್ಲಿ ಸಾಮಗ್ರಿಗೆ ಬರವಿಲ್ಲ. ವೀರಶೈವರ ಶರಣಸತಿ ಲಿಂಗಪತಿ ಭಾವದಲ್ಲಿ ಮೀಸೆ ಹೊತ್ತ ಗಂಡಸರೂ ಲಿಂಗಕ್ಕೆ ಹೆಂಡತಿಯರೇ. ಆತ್ಮಕ್ಕೆ ಗಂಡು ಹೆಣ್ಣಿನ ಭೇದವಿಲ್ಲ ಎಂದು ನೇಕಾರ ಜೇಡರ ದಾಸಿಮಯ್ಯ ಬಸವಣ್ಣನಿಗಿಂತ ಮೊದಲೇ ಹೇಳಿಹೋಗಿದ್ದ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಮಂಜಮ್ಮನ ಆತ್ಮಕಥೆ ‘ನಡುವೆ ಸುಳಿವ ಹೆಣ್ಣು’ ಹೆಸರು ಪಡೆದದ್ದು ಅವನಿಂದಲೇ. ಹಂಪಿಯಲ್ಲೇ ಕೂತು ‘ಗಿರಿಜಾಕಲ್ಯಾಣ’ ಬರೆದ ಹರಿಹರನಿಗೆ ಶಿವನ ಮದುವೆ ಲೋಕಕ್ಕೆಲ್ಲ ಹಬ್ಬ. ಆದರೆ ಹೇಮಕೂಟದ ಸ್ಥಳಪುರಾಣದಲ್ಲಿ ಆ ಮದುವೆಗೆ ಮುಂಚೆ ಮನ್ಮಥ ಸುಟ್ಟು ಬೂದಿಯಾಗಬೇಕಾಗುತ್ತದೆ. ಒಂದೇ ಪುರಾಣದಿಂದ ಇಬ್ಬರು ವಕೀಲರೂ ಸಾಕ್ಷಿ ಹೊರಡಿಸಬಹುದು. ಶರಣಸತಿಯ ಭಾವ ದೇವರ ಮುಂದಿನ ಮಾತು; ಅದರಿಂದ ಪಿಂಚಣಿ ಸಿಗುವುದಿಲ್ಲ.

ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಾದರೆ ಕತೆಯನ್ನು ಬಿಟ್ಟು ಚರಿತ್ರೆಗೆ ಬರಬೇಕು. ಪಂಪಾ ಮೊದಲು ಹೊಳೆದಂಡೆಯ ಊರದೇವತೆ, ವಿರೂಪಾಕ್ಷನೊಡನೆ ಅವಳ ಮದುವೆ ಆಮೇಲೆ ಏರ್ಪಟ್ಟದ್ದು ಎಂದು ವಿಜಯನಗರದ ಧಾರ್ಮಿಕ ಪರಂಪರೆಗಳ ಬಗ್ಗೆ ಕೆಲಸ ಮಾಡಿದ ಅನಿಲಾ ವರ್ಗೀಸ್ ತೋರಿಸಿದ್ದಾರೆ. ಊರಿನ ದೊಡ್ಡವರಿಗೆ ಬೇಕೆನ್ನಿಸಿದಾಗ ದೇವರ ಮದುವೆಯೂ ಹೊಸದಾಗಿ ನಿಶ್ಚಯವಾಗಿದೆ. ಯಾವ ಮದುವೆ ಧರ್ಮ, ಯಾವುದು ಅಧರ್ಮ ಎಂಬ ಜಗಳದಲ್ಲಿ ಕನ್ನಡನಾಡು ಕಂಡ ಅತಿ ದೊಡ್ಡ ರಕ್ತಪಾತ 12ನೇ ಶತಮಾನದ ಕಲ್ಯಾಣದ್ದು: ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು. ಶರಣರ ಪರಂಪರೆಯ ಕತೆಯಂತೆ ಇಬ್ಬರು ತಂದೆಯರನ್ನೂ ಎಳೆಹೂಟೆಗೆ ಕಟ್ಟಿ ಕೊಂದರು. ವರ್ಣಸಂಕರ ಎಂಬುದು ಅಂದಿನ ಆರೋಪ. ಇವತ್ತು ಅಂಥ ಮದುವೆಗೆ ಸರ್ಕಾರವೇ ಪ್ರೋತ್ಸಾಹಧನ ಕೊಡುತ್ತದೆ.

ಇನ್ನೂ ಹತ್ತಿರದ್ದು ಸಂಡೂರು. ಘೋರ್ಪಡೆ ರಾಜರ ಈ ಚಿಕ್ಕ ಸಂಸ್ಥಾನ 1932ರಲ್ಲಿ ಕುಮಾರಸ್ವಾಮಿ ಗುಡಿಯನ್ನು ದಲಿತರಿಗೆ ತೆರೆಯಿತು. ತಿರುವಾಂಕೂರಿನ ಹೆಸರಾಂತ ದೇಗುಲ ಪ್ರವೇಶದ ಘೋಷಣೆ ಬಂದದ್ದು ನಾಲ್ಕು ವರ್ಷಗಳ ನಂತರ, 1936ರಲ್ಲಿ. ಗಾಂಧೀಜಿ ಸಂಡೂರಿಗೆ ಬಂದು ಮೆಚ್ಚಿಕೊಂಡು ಹೋದರು. ಆ ಕಾಲಕ್ಕೆ ದಲಿತರನ್ನು ಹೊರಗಿಡುವುದು ಶಾಸ್ತ್ರ ಎಂದು ನಂಬಿದವರು ಸುಳ್ಳು ನಟಿಸುತ್ತಿರಲಿಲ್ಲ, ಮನಸಾರೆ ನಂಬಿದ್ದರು. ಒಂದು ಆಜ್ಞೆಯಿಂದ ಬಾಗಿಲು ತೆರೆಯಿತು, ದೇವರು ಗುಡ್ಡದ ಮೇಲೆಯೇ ಉಳಿದ. ಆದರೆ ಆ ಬಾಗಿಲು ಪೂರ್ತಿ ತೆರೆಯಿತೇ ಎಂದರೆ, ಬ್ರಹ್ಮಚಾರಿ ದೇವರೆಂಬ ಕಾರಣ ಕೊಟ್ಟು ಹೆಂಗಸರನ್ನು ದೂರ ನಿಲ್ಲಿಸಿದ ಸಂಪ್ರದಾಯ ಅಲ್ಲಿನದೇ. ಧಾರ್ಮಿಕ ನಂಬಿಕೆ ಬದಲಾಗುವುದು ಹೀಗೆ, ಒಂದು ಬಾಗಿಲಿನಲ್ಲಿ ಬೇಗ, ಇನ್ನೊಂದರಲ್ಲಿ ನಿಧಾನ.

ಪುರೋಹಿತರೆಲ್ಲ ಒಂದೇ ಕಡೆ ಎಂದು ತಿಳಿಯುವುದೂ ತಪ್ಪು. ಗಣಿತದ ಪವಾಡಕ್ಕೆ ಹೆಸರಾದ ಬೆಂಗಳೂರಿನ ಶಕುಂತಲಾ ದೇವಿ 1977ರಲ್ಲಿ ಸಲಿಂಗಿಗಳ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕ ಬರೆದರು. ಭಾರತದಲ್ಲಿ ಈ ವಿಷಯದ ಮೊದಲ ಪುಸ್ತಕಗಳಲ್ಲಿ ಒಂದು. ಅಂಕಿಗಳ ಹುಡುಗಿಗೆ ಇದೆಲ್ಲ ಯಾಕೆ ಎಂದು ಮೂಗು ಮುರಿದವರೇ ಹೆಚ್ಚು, ಓದಿದವರು ಕಡಿಮೆ. ಅದರಲ್ಲಿ ಆಕೆ ಶ್ರೀರಂಗದ ವೈಷ್ಣವ ಗುಡಿಯ ವಿದ್ವಾಂಸ ಅರ್ಚಕರೊಬ್ಬರನ್ನು ಮಾತಾಡಿಸಿದ್ದಾರೆ. ಹೀಗೆ ಪ್ರೀತಿಸುವ ಇಬ್ಬರು ಹಿಂದಿನ ಜನ್ಮದಲ್ಲಿ ಗಂಡು ಹೆಣ್ಣಾಗಿ ಪ್ರೇಮಿಗಳಾಗಿದ್ದಿರಬೇಕು, ಈ ಜನ್ಮದಲ್ಲಿ ದೇಹ ಬದಲಾಗಿದೆ, ಆತ್ಮದ ನಂಟು ಹಾಗೇ ಉಳಿದಿದೆ ಎಂಬುದು ಅವರ ಸಮಾಧಾನ. ನಾಸ್ತಿಕನಿಗೆ ಇದು ಸಾಲದು. ಆದರೆ ಋಣಾನುಬಂಧ ಎಂದು ದಿನಕ್ಕೆ ಹತ್ತು ಸಲ ಹೇಳುವ ಮನೆಗಳಲ್ಲಿ ಹೈಕೋರ್ಟಿನ ಆದೇಶಕ್ಕಿಂತ ಈ ಮಾತು ಹೆಚ್ಚು ನಡೆಯುತ್ತದೆ. ಭೋಪಾಲದ ಇಬ್ಬರು ಮಹಿಳಾ ಕಾನ್‌ಸ್ಟೆಬಲ್‌ಗಳು 1980ರ ದಶಕದ ಕೊನೆಯಲ್ಲಿ ಅರ್ಚಕರ ಎದುರು ಹಾರ ಬದಲಾಯಿಸಿಕೊಂಡರು. ಅವರನ್ನು ಕೆಲಸದಿಂದ ಕಿತ್ತುಹಾಕಿದ್ದು ಪೊಲೀಸ್ ಇಲಾಖೆ.

ಹೊರದೇಶಗಳ ಅನುಭವವೂ ಒಂದೇ ಗೆರೆಯಲ್ಲಿಲ್ಲ. ಕ್ಯಾಥೊಲಿಕ್ ಐರ್ಲೆಂಡ್ 2015ರಲ್ಲಿ ಜನಮತಗಣನೆ ನಡೆಸಿ ಶೇ 62ರಷ್ಟು ಮತದಿಂದ ಒಪ್ಪಿಗೆ ಕೊಟ್ಟಿತು. ವ್ಯಾಟಿಕನ್ ಮದುವೆಯನ್ನು ಒಪ್ಪದೆಯೂ 2023ರ ಡಿಸೆಂಬರಿನಲ್ಲಿ ಸಲಿಂಗ ಜೋಡಿಗಳಿಗೆ ಪಾದ್ರಿ ಆಶೀರ್ವಾದ ಕೊಡಬಹುದು ಎಂದಿತು. ತೈವಾನ್ 2019ರಲ್ಲಿ, ಬೌದ್ಧರ ಥಾಯ್ಲೆಂಡ್ 2025ರ ಜನವರಿಯಲ್ಲಿ ಕಾನೂನು ಜಾರಿ ಮಾಡಿದವು. ನಮಗೆ ಹೆಚ್ಚು ಹೊಂದುವುದು ನೇಪಾಳ. ಪಶುಪತಿನಾಥನ ಆ ದೇಶದಲ್ಲಿ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದ ಆಧಾರದ ಮೇಲೆ 2023ರ ನವೆಂಬರಿನಲ್ಲಿ ಲಮ್‌ಜುಂಗ್ ಜಿಲ್ಲೆಯ ಸ್ಥಳೀಯ ಕಚೇರಿಯೊಂದು ಮೊದಲ ಮದುವೆ ನೋಂದಾಯಿಸಿತು. ಆ ಜೋಡಿ ಅದಕ್ಕೆ ಆರು ವರ್ಷ ಮೊದಲೇ ಗುಡಿಯಲ್ಲಿ ಮದುವೆಯಾಗಿತ್ತು. ಅಲ್ಲಿಯೂ ಮೊದಲು ಒಪ್ಪಿದ್ದು ಗುಡಿ, ಆಮೇಲೆ ಕಚೇರಿ.

ಇದನ್ನೆಲ್ಲ ನೋಡಿದರೆ ಈ ಸೀಮೆಯ ನಂಬಿಕಸ್ಥರ ಮುಂದೆ ಇಡಬೇಕಾದ ಪ್ರಶ್ನೆ, ನಿಮ್ಮ ದೇವರು ಇವರನ್ನು ಒಪ್ಪುತ್ತಾನೋ ಇಲ್ಲವೋ ಎಂಬುದಲ್ಲ. ಹುಲಿಗೆಮ್ಮ ಒಪ್ಪಿ ಎಷ್ಟೋ ತಲೆಮಾರುಗಳಾದವು. ದೇವಿ ಒಪ್ಪಿದವರಿಗೆ ಮನೆ ಬಾಡಿಗೆಗೆ ಕೊಡುತ್ತೀರಾ, ಆಸ್ಪತ್ರೆಯ ಕಾಗದಕ್ಕೆ ಅವರ ಜೊತೆಗಾರ ಸಹಿ ಹಾಕಿದರೆ ನಡೆಯುತ್ತದಾ, ಹೊಲದ ಪಾಲು ಬಿಡುತ್ತೀರಾ ಎಂಬುದು ಪ್ರಶ್ನೆ. ಕಾನೂನು ಮಾಡುವವರಿಗೆ ಕೇಳಬೇಕಾದದ್ದು ಇನ್ನೊಂದು. ಮುತ್ತು ಕಟ್ಟಿಸಿಕೊಂಡ ಹೆಣ್ಣಿಗೆ ಮದುವೆಯ ಬಾಗಿಲು ತೆರೆದೇ ಇದೆ ಎಂದು ಬರೆದ ಕೈಗೆ ಜೋಗತಿಯ ಪರವಾಗಿ ಅದೇ ಒಂದು ಸಾಲು ಬರೆಯಲು ಏನಡ್ಡಿ?

ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮದುವೆ ಎರಡು ಕಡೆಯಲ್ಲಿ ಯಾವುದಾದರೂ ಒಬ್ಬರ ರೂಢಿಯ ಶಾಸ್ತ್ರದಂತೆ ನಡೆದರೆ ಸಾಕು. ಎಲ್ಲರೂ ಸಪ್ತಪದಿ ತುಳಿಯಲೇಬೇಕೆಂದಿಲ್ಲ. ರೂಢಿಗೆ ಇಷ್ಟು ಜಾಗ ಕೊಟ್ಟ ಕಾನೂನು, ರೂಢಿಯೊಳಗೇ ಇದ್ದ ಜೋಗತಿಯರ ಬದುಕನ್ನು ಮಾತ್ರ ನೋಡದೆ ಹೋಯಿತು. ವಿಶೇಷ ವಿವಾಹ ಕಾಯ್ದೆಯ ದಾರಿ ಹಿಡಿದರೆ ಮೂವತ್ತು ದಿನದ ನೋಟಿಸು. ವಧೂವರರ ಹೆಸರು ಕಚೇರಿಯ ಫಲಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಕೊಂಡಿರುತ್ತದೆ, ತಕರಾರಿದ್ದವರು ಬಂದು ಹೇಳಬಹುದು. ಬೆಂಗಳೂರಿನಲ್ಲಿ ಅದನ್ನು ಓದುವವರಿಲ್ಲ. ಹೊಸಪೇಟೆಯಂಥ ಊರಲ್ಲಿ ಸಂಜೆಯೊಳಗೆ ಓಣಿಗೆಲ್ಲ ಸುದ್ದಿ.

ಸಲಿಂಗ ಜೋಡಿಗಳ ಸೌಲಭ್ಯಗಳನ್ನು ಪರಿಶೀಲಿಸಲು ಸುಪ್ರೀಂ ಕೋರ್ಟು ಸೂಚಿಸಿದ್ದ ಸಮಿತಿಯನ್ನು ಸಂಪುಟ ಕಾರ್ಯದರ್ಶಿಯ ನೇತೃತ್ವದಲ್ಲಿ ಕೇಂದ್ರ 2024ರ ಏಪ್ರಿಲಿನಲ್ಲಿ ರಚಿಸಿತು. ಆ ವರ್ಷ ಮೂರು ಸಣ್ಣ ಕಾಗದಗಳು ಹೊರಬಿದ್ದವು. ಸಲಿಂಗ ಸಂಗಾತಿಗಳನ್ನು ಒಂದೇ ಪಡಿತರ ಚೀಟಿಯ ಕುಟುಂಬವೆಂದು ಎಣಿಸಬೇಕು ಎಂದು ಆಹಾರ ಇಲಾಖೆ ರಾಜ್ಯಗಳಿಗೆ ಬರೆಯಿತು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಹಣಕಾಸು ಸಚಿವಾಲಯ ಆಗಸ್ಟ್ 28ರಂದು ಹೇಳಿತು. ಹತ್ತಿರದ ರಕ್ತಸಂಬಂಧಿಗಳು ಇಲ್ಲದಿದ್ದಾಗ ಸಂಗಾತಿಯೇ ಮೃತದೇಹ ಪಡೆಯಬಹುದು ಎಂದಿತು ಆರೋಗ್ಯ ಸಚಿವಾಲಯ. ಮದುವೆಯ ಹೆಸರಿಲ್ಲದೆ ಮದುವೆಯ ಒಂದೆರಡು ಚೂರು. 2025ರ ಮೇ 22ರಂದು ಮದ್ರಾಸ್ ಹೈಕೋರ್ಟು, ಮನೆಯವರು ಕೂಡಿಹಾಕಿದ್ದ ಯುವತಿಯನ್ನು ಆಕೆಯ ಸಂಗಾತಿ ಯುವತಿಯೊಡನೆ ಹೋಗಲು ಬಿಡುತ್ತಾ, ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ ಎಂದಿತು. ತಾಯಿ ಮಗಳೆಂದು ಸಂಬಂಧ ಕಟ್ಟಿಕೊಂಡು ಬಾಳುವ ಜೋಗತಿಯರ ಮನೆಗಳಲ್ಲಿ ಆಯ್ದುಕೊಂಡ ಕುಟುಂಬ ಹಳೆಯ ಪದ್ಧತಿ. ಆ ಮನೆಗಳಲ್ಲಿ ಒಂದಕ್ಕೆ ಪಡಿತರ ಚೀಟಿ ಬರೆಯುವಾಗ ಯಜಮಾನಿ ಯಾರು, ಉಳಿದವರು ಆಕೆಗೆ ಏನಾಗಬೇಕು ಎಂಬುದನ್ನು ಆಹಾರ ಇಲಾಖೆಯ ಗುಮಾಸ್ತರು ಈಗ ಕೇಳಿ ಬರೆದುಕೊಳ್ಳಬೇಕಿದೆ.